ಬಿರುಕು ಸಿಗದ ಕಟ್ಟಡಗಳು

ಊರಿನ ಸರ್ಕಾರಿ ಆಸ್ಪತ್ರೆಯ ಮುಂದೆ ಹಾದುಹೋಗುವಾಗ ಅವಳಿಗೆ ಈಗಲೂ ಬೇಯಿಸಿದ ಮೊಟ್ಟೆಯ ನೆನಪಾಗುತ್ತದೆ. ಹೆಣ್ಣುಮಕ್ಕಳ ಶಾಲೆ ಕಂಡರೆ ಹುಳಿಯೇರಿದ ಮೊಸರು. ವಾಚನಾಲಯ ಕಂಡರೆ ತಳ ಹಿಡಿದ ಆಲೂಗಡ್ಡೆ. ನೀರಿನ ಟ್ಯಾಂಕಿನ ಕೆಳಗೆ ಏನು ತಿಂದದ್ದೋ ನೆನಪಿಲ್ಲ. ಗಾಳಿಗೆ ಅನ್ನದ ಮೇಲೆ ಮರಳು ಬಿದ್ದು ಹಲ್ಲಿನಲ್ಲಿ ಕರಕರ ಅಂದದ್ದು ಮಾತ್ರ ನೆನಪಿದೆ.

"ಅಮ್ಮಾ, ಬೇರೆಯವರಿಗೆ ಊರು ಅಂದ್ರೆ ಬೀದಿ, ಅಂಗಡಿ, ಜನ. ನಿಂಗೆ ಊರು ಅಂದ್ರೆ ಬರೀ ಬುತ್ತಿ," ಎಂದು ಜೊತೆಯಲ್ಲಿ ನಡೆಯುವ ಮಗಳು ನಗುತ್ತಾಳೆ.

"ನಿಮ್ಮಪ್ಪನ ಜೊತೆ ಸಂಸಾರ ಮಾಡಿದ್ದು ನಾನು. ನೀನಲ್ಲವಲ್ಲ," ಎನ್ನುತ್ತಾಳೆ ಅವಳು.

ಅವಳ ಗಂಡ ಪುರಸಭೆಯಲ್ಲಿ ಓವರ್‌ಸಿಯರ್ ಆಗಿದ್ದರು. ಶಾಲೆ, ಆಸ್ಪತ್ರೆ, ಸೇತುವೆ, ಚರಂಡಿ, ನೀರಿನ ಟ್ಯಾಂಕು, ಹೀಗೆ ಊರಿಗೆ ಸೇರಿದ್ದೆಲ್ಲ ನೆಟ್ಟಗಿದೆಯೋ ಇಲ್ಲವೋ ನೋಡುವುದು ಅವರ ಕೆಲಸ. ಊರಿನವರು ಅವರಿಗೆ ಇಟ್ಟ ಹೆಸರು ತಟ್ಟಪ್ಪ. ಗೋಡೆ ಕಂಡರೆ ಬೆರಳ ಗಿಣ್ಣಿನಿಂದ ತಟ್ಟಿ ನೋಡದೆ ಅವರು ಮುಂದಕ್ಕೆ ಹೋದವರಲ್ಲ. ಮದುವೆಯ ಮಾತಿಗೆ ಮೊದಲ ಸಲ ಅವಳ ತವರಿಗೆ ಬಂದಾಗಲೂ ಅಷ್ಟೆ, ಹಿರಿಯರು ಮಾತಿನಲ್ಲಿ ಮುಳುಗಿದ್ದರೆ ಇವರು ಕಿಟಕಿಯ ಪಕ್ಕದ ಗೋಡೆಗೆ ಕಿವಿ ಕೊಟ್ಟು ನಿಂತಿದ್ದರು. ಅವಳ ಅಪ್ಪ ಕೇಳಿಯೇಬಿಟ್ಟಿದ್ದರು: "ಏನಪ್ಪ, ಹುಡುಗೀನ ನೋಡೋಕೆ ಬಂದೆಯೋ, ಗೋಡೇನ ನೋಡೋಕೆ ಬಂದೆಯೋ?" ಒಳಕೋಣೆಯಲ್ಲಿದ್ದ ಅವಳಿಗೆ ನಗು ತಡೆಯಲಾಗಿರಲಿಲ್ಲ. ಆ ನಗು ಕೇಳಿಯೇ ಒಪ್ಪಿದೆ ಎಂದು ಅವರು ಆಮೇಲೆ ಹೇಳುತ್ತಿದ್ದರು. ಗೋಡೆ ಮಾತ್ರ ಒಳಗೊಳಗೆ ಟೊಳ್ಳಾಗಿತ್ತಂತೆ.

ಬುತ್ತಿಯ ಕಥೆ ಶುರುವಾದದ್ದು ಮದುವೆಯಾದ ಹೊಸದರಲ್ಲಿ. ಅವರಿಗೆ ಕೆಲಸ ಕಲಿಸಿದ ಹಿರಿಯರೊಬ್ಬರು ಒಂದು ಮಾತು ಹೇಳಿಕೊಟ್ಟಿದ್ದರಂತೆ: ಯಾವ ಸೂರಿನಡಿ ಕೂತು ಉಣ್ಣುವ ಧೈರ್ಯ ನಿನಗಿಲ್ಲವೋ ಆ ಸೂರಿಗೆ ಸಹಿ ಹಾಕಬೇಡ. ಗಂಡ ಅದನ್ನು ಅಕ್ಷರಶಃ ಹಿಡಿದುಕೊಂಡರು. ಯಾವ ದಿನ ಯಾವ ಕಟ್ಟಡ ಗಟ್ಟಿಯಾಗಿದೆ ಎಂದು ಬರೆಯುತ್ತಾರೋ ಆ ದಿನದ ಮಧ್ಯಾಹ್ನದ ಊಟ ಆ ಕಟ್ಟಡದಲ್ಲೇ, ಅದರ ಅತಿ ಉದ್ದದ ತೊಲೆಯ ಕೆಳಗೆ. ಹೆಂಡತಿಯೂ ಟಿಫಿನ್ ಕ್ಯಾರಿಯರ್ ಹಿಡಿದು ಬಂದು ಜೊತೆಗೆ ಕೂರಬೇಕು.

"ನೀವು ಉಣ್ಣಿ, ಬೇಡ ಅಂದೋರ್ಯಾರು? ನಾನ್ಯಾಕೆ?" ಎಂದು ಅವಳು ಮೊದಲ ದಿನ ಕೇಳಿದ್ದಳು.

"ನಾನೊಬ್ಬನೇ ಕೂತ್ರೆ ಹುಂಬ ಅಂತಾರೆ. ಹೆಂಡತೀನೂ ಕೂರಿಸಿಕೊಂಡ್ರೆ ನಂಬ್ತಾರೆ."

ಪಕ್ಕದ ಬೀದಿಯಲ್ಲಿದ್ದ ನಾದಿನಿಗೆ ಇದು ಬಾಯಿಗೆ ಸಿಕ್ಕ ಕಡಲೆ. ಗಂಡನ ತಂಗಿ, ನಾಲಿಗೆ ಕತ್ತರಿಯಂತೆ, ಮನಸ್ಸು ಬೆಣ್ಣೆಯಂತೆ. ಕ್ಯಾರಿಯರ್ ಹಿಡಿದು ಹೊರಟ ಅವಳನ್ನು ಕಂಡರೆ ಬಾಗಿಲಿಗೇ ಬಂದು ನಿಲ್ಲುತ್ತಿದ್ದಳು. "ಅತ್ತಿಗೇ, ಊರೋರ ಗಂಡಂದಿರು ಹೆಂಡ್ತೀರನ್ನ ಸಿನಿಮಾಕ್ಕೆ ಕರ್ಕೊಂಡು ಹೋಗ್ತಾರೆ. ನಮ್ಮಣ್ಣ ನಿನ್ನ ಎಲ್ಲಿಗೆ ಕರೀತಾನೆ ಇವತ್ತು? ಚರಂಡಿ ಸೇತುವೆ ಕೆಳಗೋ?"

"ಇಲ್ಲ, ಇವತ್ತು ಅಂಚೆ ಕಚೇರಿ ಪಕ್ಕದ ಗೋದಾಮು."

"ಅಯ್ಯೋ, ಪುಣ್ಯವಂತೆ!"

ಗೊಣಗಿಕೊಂಡೇ ಹೋಗುತ್ತಿದ್ದ ಅವಳಿಗೆ ಬರಬರುತ್ತ ಆ ಹೊತ್ತು ಇಷ್ಟವಾಯಿತು. ಮನೆಯಲ್ಲಿ ಅವರು ಮಾತು ಕಡಿಮೆ. ತೊಲೆಯ ಕೆಳಗೆ ಕೂತರೆ ಮಾತ್ರ, ಇದು ಯಾವ ಕಾಡಿನ ಮರ, ಈ ಗಾರೆ ಕಲೆಸಿದವನ ಕೈ ಎಂಥದ್ದು ಎಂದು ಹೇಳುತ್ತಾ ಹೋಗುವರು. ಅವಳು ಕೇಳುತ್ತಾ ಉಣ್ಣುವಳು. ಉಣ್ಣುವ ಮುಂಚೆ ಕಣ್ಣು ಮುಚ್ಚಿ, "ತಂದೇ, ಈ ಸೂರನ್ನ ಹಿಡಿದುಕೋ," ಎಂದು ಮನಸ್ಸಿನಲ್ಲೇ ಹೇಳಿಕೊಳ್ಳುವಳು. ಒಂದು ದಿನ ಅದು ಅವರ ಗಮನಕ್ಕೆ ಬಂತು. "ನಾನು ಅಳೆದಿದ್ದೀನಿ ಕಣೇ," ಎಂದರು. "ನೀವು ಅಳೀರಿ, ನಾನು ಹೇಳ್ತೀನಿ. ಎರಡೂ ಇರ್ಲಿ," ಎಂದಳು.

ಅವರದ್ದು ಬಾಡಿಗೆ ಮನೆ. ದರ್ಜಿ ಅಂಗಡಿಯ ಮೇಲಿನ ಎರಡು ಕೋಣೆ. ಬೆಳಗಿನಿಂದ ಸಂಜೆಯವರೆಗೆ ಹೊಲಿಗೆ ಯಂತ್ರದ ಸದ್ದು ನೆಲದಿಂದ ಅಂಗಾಲಿಗೆ ಹತ್ತುತ್ತಿತ್ತು. ಮಾರುಕಟ್ಟೆಯ ಹಿಂದಿನ ಇಳಿಜಾರಿನಲ್ಲಿ ಒಂದು ಸೈಟು ಮಾತ್ರ ಮಾಡಿಕೊಂಡಿದ್ದರು. ಹೊಟ್ಟೆ ಬಟ್ಟೆ ಕಟ್ಟಿ ಕೊಂಡದ್ದು. ನಿವೃತ್ತಿಯಾದಾಗ ಕೈಗೆ ಬರುವ ಹಣದಲ್ಲಿ ಅಲ್ಲಿ ಮನೆ ಕಟ್ಟುವುದೆಂದು ಮಾತಾಗಿತ್ತು. ಅವಳು ಆ ಮನೆಯಲ್ಲಿ ಆಗಲೇ ವಾಸ ಮಾಡುತ್ತಿದ್ದಳು ಎಂದರೂ ತಪ್ಪಿಲ್ಲ. ಪಾತ್ರೆ ತೊಳೆಯುವ ಕಲ್ಲು ಎಲ್ಲಿ, ಪ್ರಾರ್ಥನೆಗೆ ಕೂರುವ ಮೂಲೆ ಎಲ್ಲಿ, ಬಟ್ಟೆ ಒಣಗಿಸುವ ಹಗ್ಗ ಎಲ್ಲಿಂದ ಎಲ್ಲಿಗೆ, ಎಲ್ಲ ನಿಶ್ಚಯವಾಗಿತ್ತು. ಮಗಳು ಓದಲು ಬೇರೆ ಊರಿನ ಹಾಸ್ಟೆಲ್ಲಿನಲ್ಲಿದ್ದಳು, ಮನೆಯಲ್ಲಿ ಇವರಿಬ್ಬರೇ. ಅವರ ನಿವೃತ್ತಿಗೆ ಒಂದು ವರ್ಷವೂ ಉಳಿದಿರಲಿಲ್ಲ.

ಆಗ ನೆಲ ನಡುಗಿತು.

ಬೆಳಗಿನ ಹೊತ್ತು. ಒಲೆಯ ಮೇಲಿದ್ದ ಹಾಲು ತಾನಾಗಿ ತುಳುಕಿ ಉರಿ ಆರಿಸಿತು. ಕೆಳಗಿನ ದರ್ಜಿ ಟೇಪು ಕೊರಳಲ್ಲೇ ಇಟ್ಟುಕೊಂಡು ಬೀದಿಗೆ ಓಡಿದ. ಗಂಡ ಬನಿಯನ್ನಿನಲ್ಲೇ ಅವಳ ಕೈ ಹಿಡಿದು ಮೆಟ್ಟಿಲು ಇಳಿಸಿದರು. ದೂರದ ಊರುಗಳಲ್ಲಿ ಸಾವುನೋವು ಬಹಳವಾಯಿತು. ಇವರ ಊರಿನಲ್ಲಿ ದೇವರು ದೊಡ್ಡವನು, ಕೆಲವು ಹಳೆಯ ಗೋಡೆಗಳು ಕುಸಿದವು, ಒಂದಿಬ್ಬರ ಕೈಕಾಲು ಮುರಿಯಿತು, ಅಷ್ಟೆ. ಆದರೆ ಜನ ಸೂರಿನೊಳಗೆ ಕಾಲಿಡಲು ಹೆದರಿದರು. ಮೈದಾನದಲ್ಲಿ ಟಾರ್ಪಾಲು ಕಟ್ಟಿಕೊಂಡು ಕೂತರು. ಆಸ್ಪತ್ರೆಯ ಮಂಚಗಳು ಮರದ ಕೆಳಗೆ ಬಂದವು.

ಗಂಡ ಅದೇ ದಿನ ಸುತ್ತು ಹೊರಟರು. ಒಂದೊಂದು ಕಟ್ಟಡ ನೋಡುವುದು, ತಟ್ಟುವುದು, ಒಳಗೆ ಹೋಗಬಹುದೋ ಬಾರದೋ ಬರೆಯುವುದು. ಅವಳೂ ಹಿಂದೆಯೇ. ಊಟದ ಹೊತ್ತೆಂದು ಕಾಯಲು ಸಮಯವೆಲ್ಲಿ? ಕ್ಯಾರಿಯರ್‌ನಲ್ಲಿದ್ದದ್ದನ್ನೇ ಇಲ್ಲೊಂದು ತುತ್ತು, ಅಲ್ಲೊಂದು ತುತ್ತು. ಅವರ ಹಿಂದೆ ಮೆರವಣಿಗೆಯಂತೆ ಜನ. ಕಿಟಕಿಗಳಲ್ಲಿ ಇಣುಕಿ, ಗಂಡಹೆಂಡತಿ ತೊಲೆಯ ಕೆಳಗೆ ಕೂತು ನುಂಗುವುದನ್ನು ನೋಡಿ, ಎದ್ದು ಹೊರಗೆ ಬಂದ ಮೇಲೆ ಒಬ್ಬೊಬ್ಬರೇ ಒಳಗೆ ಹೋಗುತ್ತಿದ್ದರು.

"ಅತ್ತಿಗೇ, ಇವತ್ತು ನೀನು ಇಡೀ ಊರು ಸುತ್ತಿ ಊಟ ಮಾಡಿ ಬಂದೆ," ಎಂದಳು ನಾದಿನಿ ಸಂಜೆ. ಮೈದಾನದ ಟಾರ್ಪಾಲಿನ ಕೆಳಗೆ ಕೂತಿದ್ದರೂ ಕುಹಕ ಬಿಡಲಿಲ್ಲ.

ಅಲ್ಲಿಗೆ ಮುಗಿದಿದ್ದರೆ ಚೆನ್ನಾಗಿತ್ತು. ವಾರ ಕಳೆಯುವಷ್ಟರಲ್ಲಿ ನೆಲ ಮತ್ತೆ ಸಣ್ಣಗೆ ನಡುಗಿತು. ಮತ್ತೆ ಜನ ಬೀದಿಗೆ. ಹೆಣ್ಣುಮಕ್ಕಳ ಶಾಲೆಯ ಗೇಟಿನಲ್ಲಿ ತಾಯಂದಿರು ಕೂತುಬಿಟ್ಟರು. ಮುಖ್ಯೋಪಾಧ್ಯಾಯಿನಿ ಬಂದು, "ಸಾರ್, ಮೇಲೆ ಚಾವಣಿ ಒಳಗೆ ಏನಾಗಿದೆಯೋ ಯಾರು ಕಂಡ್ರು? ತಾಯಂದಿರು ಮಕ್ಕಳನ್ನ ಒಳಗೆ ಬಿಡ್ತಾನೇ ಇಲ್ಲ. ಇನ್ನೊಂದು ಸಲ ನೋಡಿ," ಎಂದರು. ಗಂಡನಿಗೂ ಅದೇ ಕೊರೆಯುತ್ತಿತ್ತು. ಮೊದಲ ಸುತ್ತು ಕಣ್ಣಿನದು, ಕೈಯಿನದು. ಮರೆಯಲ್ಲಿರುವುದನ್ನು ನೋಡಿರಲಿಲ್ಲ.

ದೊಡ್ಡ ಮೇಸ್ತ್ರಿಯನ್ನೂ ಅವರ ಕಡೆಯ ಆಳುಗಳನ್ನೂ ಕರೆಸಿದರು. ದೊಡ್ಡ ಮೇಸ್ತ್ರಿ ಎಂದರೆ ಊರಿನ ಅರ್ಧ ಗೋಡೆಗಳನ್ನು ಎಬ್ಬಿಸಿದ ಮುದುಕ. ಹತ್ತಿ ನೋಡಲು ಎಲ್ಲ ಕಟ್ಟಡಗಳಿಗೂ ಬೊಂಬಿನ ಸಾರುವೆ ಕಟ್ಟಿದರು. ಚಾವಣಿ ಬಿಚ್ಚಿ ತೊಲೆಗಳ ತುದಿ ನೋಡಿದರು. ಪಾಯದ ಪಕ್ಕ ಅಗೆದು ನೋಡಿದರು. ಪುರಸಭೆಯ ಮುಖ್ಯಾಧಿಕಾರಿ ಸಾಹೇಬರು ಅಷ್ಟರಲ್ಲಿ ದೊಡ್ಡ ಊರಿನ ಸಭೆಗಳಲ್ಲಿ ಸಿಕ್ಕಿಬಿದ್ದಿದ್ದರು. ಫೋನಿನಲ್ಲಿ ಕೇಳಿದ್ದಕ್ಕೆ, "ಮಾಡಿಸಿ, ಮಾಡಿಸಿ. ಎಲ್ಲಾ ಪರಿಹಾರ ನಿಧಿಯಿಂದ ವಾಪಸ್ ಬರುತ್ತೆ," ಎಂದಿದ್ದರು. ಗಂಡ ಕಚೇರಿಯ ತುರ್ತು ಹಣವನ್ನು ತಮ್ಮ ಸಹಿಯ ಮೇಲೆ ತೆಗೆದು ಆಳುಗಳ ಕೂಲಿ ದಿನದಿನವೂ ಚುಕ್ತಾ ಮಾಡಿದರು.

ನೀರಿನ ಟ್ಯಾಂಕಿನ ಒಂದು ಕಾಲು ಸೀಳಿತ್ತು. ಸೇತುವೆಯ ಒಂದು ಬದಿ ಕೂತಿತ್ತು. ಆಸ್ಪತ್ರೆಯ ಹಿಂದಿನ ಉಗ್ರಾಣದ ಗೋಡೆ ಬೇರಾಗಿತ್ತು. ಉಳಿದ ಕಟ್ಟಡಗಳಲ್ಲಿ ಏನೂ ಸಿಗಲಿಲ್ಲ. ದೊಡ್ಡ ಮೇಸ್ತ್ರಿ ಶಾಲೆಯ ಸಾರುವೆಯಿಂದ ಇಳಿದು ತಲೆಯ ಬಟ್ಟೆ ಬಿಚ್ಚಿ ಮುಖ ಒರೆಸಿಕೊಂಡು, "ಕಲ್ಲು ಕಲ್ಲೂ ನೋಡಿದ್ದಾಯ್ತಮ್ಮ. ನಿಮ್ಮ ಮಕ್ಕಳು ಒಳಗಿರ್ಲಿ, ನೀವು ಮನೆಗೆ ಹೋಗಿ," ಎಂದಾಗ ಗೇಟಿನಲ್ಲಿದ್ದ ತಾಯಂದಿರಲ್ಲಿ ಒಬ್ಬಾಕೆ ಜೋರಾಗಿ ಅತ್ತುಬಿಟ್ಟಳು. ಆ ಮಧ್ಯಾಹ್ನವೇ ಹುಳಿ ಮೊಸರು ತಿಂದದ್ದು. ಅಷ್ಟು ರುಚಿಯಾದ ಮೊಸರನ್ನು ಅವಳು ಆಮೇಲೆ ತಿಂದಿಲ್ಲ.

ಎಲ್ಲ ತಣ್ಣಗಾದ ಮೇಲೆ ಒಂದು ಸಂಜೆ ಸಾಹೇಬರು ಮನೆಗೇ ಬಂದರು. ದರ್ಜಿ ಅಂಗಡಿಯ ಕಿರಿದಾದ ಮೆಟ್ಟಿಲು ಹತ್ತಿ ಏದುಸಿರು ಬಿಡುತ್ತಾ ಕುರ್ಚಿಯಲ್ಲಿ ಕೂತರು. ಕೆಟ್ಟ ಮನುಷ್ಯರಲ್ಲ. ಗಂಡನಿಗಿಂತ ವಯಸ್ಸಿನಲ್ಲಿ ಚಿಕ್ಕವರು. "ಅಣ್ಣಾ" ಎಂದೇ ಕರೆಯುತ್ತಿದ್ದರು. ಅವಳು ಚಹಾ ಕೊಟ್ಟು ಒಲೆಯ ಹತ್ತಿರ ನಿಂತಳು. ಎರಡೇ ಕೋಣೆಯ ಮನೆಯಲ್ಲಿ ಕೇಳಿಸದಂತೆ ಮಾತಾಡಲು ಯಾರಿಗೂ ಆಗುತ್ತಿರಲಿಲ್ಲ.

"ಅಣ್ಣಾ, ಸುತ್ತೋಲೆ ಬಂದಿದೆ. ಸುಮ್ಮನೆ ನೋಡಿ ಬಂದಿದ್ದಕ್ಕೆ ದುಡ್ಡು ಕೊಡಲ್ವಂತೆ. ಭೂಕಂಪದಿಂದ ಹಾನಿ ಆಗಿದೆ ಅಂತ ಸಿಕ್ಕಿದ ಕಟ್ಟಡಕ್ಕೆ ಮಾತ್ರ, ರಿಪೇರಿ ಖರ್ಚಿನ ಜೊತೆ ತಪಾಸಣೆ ಖರ್ಚೂ ಕೊಡ್ತಾರೆ. ಏನೂ ಸಿಗದ ಕಡೆ ಆದ ಖರ್ಚು ನಮ್ಮದೇ."

"ಏನೂ ಸಿಗಲಿಲ್ಲ ಅನ್ನೋದು ನೋಡಿದ ಮೇಲೇ ತಾನೆ ಗೊತ್ತಾಗೋದು?" ಎಂದರು ಗಂಡ.

"ನಾನೂ ಅದೇ ಅಂದೆ. ಗೋಡೆಗೆ ಹೇಳಿದ ಹಾಗಾಯ್ತು." ಸಾಹೇಬರು ಚಹಾದ ಲೋಟವನ್ನು ಅತ್ತಿತ್ತ ತಿರುಗಿಸಿದರು. "ಮೇಲಿಂದ ಒಪ್ಪಿಗೆ ಕಾಗದ ಬರೋಕೆ ಮುಂಚೆ ನೀವು ಖರ್ಚು ಮಾಡಿದ್ದೀರಿ. ಫೋನಲ್ಲಿ ನಾನು ಹೂಂ ಅಂದೆ, ನಿಜ. ಆಡಿಟ್‌ನವರಿಗೆ ಹೂಂ ಅಂದಿದ್ದು ಲೆಕ್ಕವಲ್ಲ. ನಿಮ್ಮ ಸಹಿ ಇದೆ. ನಿವೃತ್ತಿ ಹಣದಲ್ಲಿ ಹಿಡೀತಾರೆ."

ಒಲೆಯ ಹತ್ತಿರ ಅವಳ ಕೈಯಲ್ಲಿದ್ದ ಸೌಟು ನಿಂತಿತು.

"ದಾರಿ ಇಲ್ಲ ಅಂತಲ್ಲ," ಎಂದರು ಸಾಹೇಬರು ತಲೆ ತಗ್ಗಿಸಿ. "ವರದಿ ಇನ್ನೂ ಮೇಲಕ್ಕೆ ಹೋಗಿಲ್ಲ. ಒಂದೊಂದು ಕಟ್ಟಡದಲ್ಲಿ ಒಂದೊಂದು ಕೂದಲೆಳೆಯಷ್ಟು ಬಿರುಕು ಬರೀರಿ. ಯಾರ ಗಂಟೂ ಹೋಗಲ್ಲ. ತನಿಖೆಗೆ ಬರೋರು ಹತ್ತು ಊರು ನೋಡಿ ಸುಸ್ತಾಗಿರ್ತಾರೆ, ತೋರಿಸಿದ್ದು ನೋಡ್ತಾರೆ."

ಅವರು ಹೋದ ಮೇಲೆ ಗಂಡ ಸಾಹೇಬರ ಲೋಟ ಎತ್ತಿ ತಾವೇ ತೊಳೆದಿಟ್ಟರು. ಮಾತಾಡಿದವಳು ಅವಳು.

"ರೀ, ಬರೀರಿ. ಒಂದು ಗೆರೆ ತಾನೆ."

"ಹ್ಞೂಂ."

"ಹ್ಞೂಂ ಅಂದ್ರೆ? ನೀವೇನು ಕದ್ದಿಲ್ಲ. ಊರಿಗೋಸ್ಕರ ಮಾಡಿದ್ದು. ಆ ದುಡ್ಡು ಯಾಕೆ ನಮ್ಮ ಮನೆಯಿಂದ ಹೋಗ್ಬೇಕು? ಇಷ್ಟು ವರ್ಷ ಈ ಹೊಲಿಗೆ ಯಂತ್ರದ ಮೇಲೆ ಮಲಗಿದ್ದೀನಿ ನಾನು. ಒಂದು ದಿನ ಬಾಯಿ ಬಿಟ್ಟು ಕೇಳಿದ್ದೀನಾ?"

ಮಾರನೆಯ ದಿನ ನಾದಿನಿಯೂ ಬಂದು ದನಿಗೂಡಿಸಿದಳು. "ಅಣ್ಣಾ, ಗೋಡೆ ತಟ್ಟಿ ತಟ್ಟಿ ನಿನ್ನ ತಲೆ ಟೊಳ್ಳಾಗಿದೆ ನೋಡು. ನ್ಯಾಯ ನೀತಿ ಎಲ್ಲಾ ಸರಿ. ಅತ್ತಿಗೆ ಮುಖ ಒಂದ್ಸಲ ನೋಡು."

ಅವರು ಅವಳ ಮುಖ ನೋಡಿದರು. ಆಮೇಲೆ ಮೆತ್ತಗೆ, "ನಂಗೂ ಆ ಮನೆ ಬೇಕು ಕಣೇ," ಎಂದರು. "ಎಲ್ಲಿ ಬರೀಬೇಕು ಅಂತ ನಂಗೆ ಕೈ ಬರ್ತಿಲ್ಲ. ನಾಳೆ ರಜ ಹಾಕ್ತೀನಿ. ನೀನು ಬಾ. ನೀನು ತೋರಿಸಿದ ಕಡೆ ಬರೀತೀನಿ."

ಅದರಲ್ಲಿ ಚುಚ್ಚುಮಾತಿರಲಿಲ್ಲ. ಅವಳು ಇವತ್ತಿಗೂ ಅದನ್ನು ಒತ್ತಿ ಹೇಳುತ್ತಾಳೆ. ಅವರು ನಿಜವಾಗಿಯೂ ಅವಳು ತೋರಿಸಲಿ ಎಂದೇ ಕರೆದದ್ದು.

ಮಾರನೆಯ ಬೆಳಿಗ್ಗೆ ಇಬ್ಬರೂ ಹೊರಟರು. ಮೊದಲು ವಾಚನಾಲಯ. ಅವಳು ಒಳಗೆ ಹೋಗಿ ಮನೆ ಕೊಳ್ಳಲು ಬಂದವಳಂತೆ ಮೂಲೆಮೂಲೆ ನೋಡಿದಳು. ಹಳೆಯ ಪತ್ರಿಕೆಗಳ ಕಪಾಟಿನ ಹಿಂದೆ ಒಂದು ಕತ್ತಲೆ ಮೂಲೆಯಿತ್ತು.

"ಇಲ್ಲಿ ಬರೀರಿ. ಯಾರಿಗೂ ಕಾಣಲ್ಲ."

ಗಂಡ ಪೆನ್ಸಿಲ್ ತೆಗೆದರು. "ಬರೆದ ಮೇಲೆ ಬೀಗ ಹಾಕಬೇಕು. ಬಿರುಕಿದೆ ಅಂತ ಬರೆದು ಜನರನ್ನ ಒಳಗೆ ಕೂರಿಸೋಕೆ ಬರಲ್ಲ. ರಿಪೇರಿ ಆಗೋವರೆಗೂ ಮುಚ್ಚಿರುತ್ತೆ."

"ರಿಪೇರಿ ಯಾವಾಗ ಆಗುತ್ತೆ?"

"ಸರದಿ ಬಂದಾಗ."

ಉದ್ದ ಮೇಜಿನ ಸುತ್ತ ಮುದುಕರು ಪತ್ರಿಕೆಯ ಒಂದೊಂದು ಹಾಳೆ ಹಂಚಿಕೊಂಡು ಓದುತ್ತಿದ್ದರು. ಒಬ್ಬರು ಓದುತ್ತಿರಲೂ ಇಲ್ಲ, ಹಾಳೆಯ ಮರೆಯಲ್ಲಿ ತೂಕಡಿಸುತ್ತಿದ್ದರು. ಮನೆಯಲ್ಲಿ ಸೊಸೆಗೆ ಕೂರಲು ಜಾಗ ಬಿಟ್ಟುಕೊಡಬೇಕೆಂದೇ ದಿನವೂ ಇಲ್ಲಿಗೆ ಬರುವವರು ಅವರು. ಊರಿಗೆಲ್ಲ ಗೊತ್ತಿದ್ದ ವಿಷಯ. ವಾಚನಾಲಯ ನೋಡಿಕೊಳ್ಳುವ, ಊರೆಲ್ಲ ಮಾವ ಎಂದು ಕರೆಯುವ ಹಿರಿಯರು ಅವಳನ್ನು ಕಂಡು, "ಏನಮ್ಮ, ಇವತ್ತು ಕ್ಯಾರಿಯರ್ ಇಲ್ವಲ್ಲ?" ಎಂದರು.

"ಇವತ್ತು ಉಪವಾಸ," ಎಂದಳು ಅವಳು, ಬಾಯಿಗೆ ಬಂದದ್ದನ್ನು. ಗಂಡನ ತೋಳು ಹಿಡಿದು, "ನಡೀರಿ, ಬೇರೆ ಕಡೆ ನೋಡೋಣ," ಎಂದು ಹೊರಗೆ ಬಂದಳು.

ಕಂದಾಯ ಕಟ್ಟುವ ಕಚೇರಿಯ ಮುಂದೆ ಅವಳ ಮುಖ ಅರಳಿತು. ಆ ಕಚೇರಿಯನ್ನು ಪ್ರೀತಿಸುವವರು ಊರಿನಲ್ಲಿ ಒಬ್ಬರೂ ಇರಲಿಲ್ಲ. ಮುಚ್ಚಿದರೆ ಜನ ಸಿಹಿ ಹಂಚುತ್ತಿದ್ದರು. ಸಾಲದ್ದಕ್ಕೆ ಬಾಗಿಲಿನ ಪಕ್ಕದಲ್ಲೇ ಒಂದು ಬಿರುಕು, ನೆಲದಿಂದ ಕಿಟಕಿಯವರೆಗೆ, ಕಣ್ಣಿಗೆ ಹೊಡೆಯುವಂತೆ.

"ಬರೀರಿ! ಇದನ್ನ ಬರೀರಿ! ಇದು ಸುಳ್ಳೂ ಅಲ್ಲ."

ಅವರು ಬಗ್ಗಿ, ಬಿರುಕಿನೊಳಗೆ ಕಡ್ಡಿಯಾಡಿಸಿ, "ಒಳಗೆ ನೋಡು," ಎಂದರು. ಬಿರುಕಿನ ಒಳಬದಿಗೂ ಹಸಿರು ಬಣ್ಣ ಇಳಿದಿತ್ತು. "ಮಗಳು ಹುಟ್ಟೋಕೆ ಮುಂಚೆ ಬಿಟ್ಟಿದ್ದು. ಆಮೇಲೆ ಬಣ್ಣ ಹೊಡೆದಿದ್ದಾರೆ. ಭೂಕಂಪಕ್ಕೂ ಇದಕ್ಕೂ ಸಂಬಂಧ ಇಲ್ಲ. ಹಳೇದಕ್ಕೆ ಕೊಡಲ್ಲ."

"ಹಾಳಾದ್ದು, ಇಷ್ಟು ವರ್ಷ ಬೇಡದಾಗ ಇತ್ತು, ಈಗ ಬೇಕಾದಾಗ ಹಳೇದಾಯ್ತು," ಎಂದಳು ಅವಳು. ಬೇಸರದ ನಡುವೆಯೂ ಅವರಿಗೆ ನಗು ಬಂತು. ಅವಳಿಗೆ ಬರಲಿಲ್ಲ.

ಆಸ್ಪತ್ರೆಯ ಹೆರಿಗೆ ಕೋಣೆಯೊಳಗೆ ಅವಳು ಹೋಗಲೇ ಇಲ್ಲ. ಮರದ ಕೆಳಗಿಂದ ಮಂಚಗಳು ಒಳಗೆ ಸೇರಿ ಕೆಲವೇ ದಿನವಾಗಿತ್ತು. ಒಳಗಿಂದ ಎಳೆಮಗುವಿನ ಅಳು ಕೇಳಿತು, ದಾದಿ ಯಾರನ್ನೋ ಗದರಿದ್ದು ಕೇಳಿತು. ಗಂಡ ಹೊಸ್ತಿಲಲ್ಲಿ ನಿಂತು ಕಾದರು. ಅವಳು ಅಂಗಳದಲ್ಲೇ ತಿರುಗಿ ನಿಂತು, "ಶಾಲೆಗೆ ನಡೀರಿ," ಎಂದಳು.

ಶಾಲೆಯಲ್ಲಿ ಪಾಠದ ಹೊತ್ತು. ಒಂದು ತರಗತಿಯಿಂದ ಮಗ್ಗಿ ಹೇಳುವ ಸದ್ದು ಅಲೆಅಲೆಯಾಗಿ ಬರುತ್ತಿತ್ತು. ಗೇಟಿನಲ್ಲಿ ತಾಯಂದಿರು ಯಾರೂ ಇರಲಿಲ್ಲ. ಅವರು ಕೂತಿದ್ದ ಜಾಗದಲ್ಲಿ ಹುಲ್ಲು ಸವೆದು ಬೋಳಾಗಿತ್ತು. ಅಂದು ಅತ್ತಾಕೆ ಮಾತ್ರ ತರಕಾರಿ ಚೀಲ ಹಿಡಿದು ಅದೇ ಹಾದಿಯಲ್ಲಿ ಬಂದಳು. ನಿಲ್ಲಲಿಲ್ಲ. ಶಾಲೆಯ ಕಡೆ ತಿರುಗಿ ಕೂಡ ನೋಡದೆ, ಬದನೆಕಾಯಿಯ ಬೆಲೆ ಎಷ್ಟು ಏರಿದೆ ಎಂದು ಇವಳಿಗೆ ಎರಡು ಮಾತು ಹೇಳಿ, ಸರಸರನೆ ಹೋದಳು.

ಅವಳು ಶಾಲೆಯ ಮೆಟ್ಟಿಲ ಮೇಲೆ ಕೂತುಬಿಟ್ಟಳು.

"ನನ್ನ ಕೈಲಿ ಆಗಲ್ಲ. ನೀವೇ ಎಲ್ಲಾದ್ರೂ ಬರೀರಿ. ನಂಗೆ ಹೇಳಬೇಡಿ, ಅಷ್ಟೆ."

ಅವರು ಪಕ್ಕದಲ್ಲಿ ಕೂತರು. ಸ್ವಲ್ಪ ಹೊತ್ತು ಮಗ್ಗಿಯನ್ನೇ ಕೇಳುತ್ತಿದ್ದರು. ಆಮೇಲೆ, "ಮನೇಲಿ ಇರೋದು ಇಬ್ರು," ಎಂದರು. "ಬರೆದಿದ್ದು ಒಬ್ಬನಿಗೆ ಮಾತ್ರ ಗೊತ್ತಿದ್ರೆ ಆ ಮನೇಲಿ ನಾನು ಹೆಂಗಿರ್ಲಿ?"

ಅವಳು ಸೆರಗಿನ ಅಂಚನ್ನು ಮಡಿಸಿದಳು, ಬಿಚ್ಚಿದಳು, ಮತ್ತೆ ಮಡಿಸಿದಳು. ದೇವರನ್ನು ಕೇಳಿದಳೇ ಎಂದರೆ ಕೇಳಿದಳು. ಆದರೆ ಉತ್ತರ ಆಗಲೇ ಗೊತ್ತಿದ್ದ ಪ್ರಶ್ನೆಯನ್ನು ಅವನ ಹತ್ತಿರ ಕೇಳುವುದು ಅವಳಿಗೇ ನಾಚಿಕೆಯೆನಿಸಿತು.

"ಬೇಡ ಬಿಡಿ," ಎಂದಳು ಕೊನೆಗೆ.

"ನೋಡು, ಆಮೇಲೆ..."

"ಬೇಡ ಅಂದ್ನಲ್ಲ. ನಾನು ಮನಸ್ಸು ಬದಲಾಯಿಸೋಕೆ ಮುಂಚೆ ಆ ಪೆನ್ಸಿಲ್ ಒಳಗಿಡಿ."

ತನಿಖೆಗೆ ಬಂದದ್ದು ಒಬ್ಬ ಮೇಡಂ. ಬಿಸಿಲಿಗೆ ಮುಖ ಕಪ್ಪಿಟ್ಟಿತ್ತು, ಚಪ್ಪಲಿಯ ಉಂಗುಟ ಕಿತ್ತು ಪಿನ್ನು ಹಾಕಿಕೊಂಡಿದ್ದರು. ಗಂಡನ ಜೊತೆ ಎಲ್ಲ ಕಟ್ಟಡಗಳನ್ನೂ ನೋಡಿದರು. ಕೊನೆಗೆ ವಾಚನಾಲಯದ ಮೇಜಿನ ಮೇಲೆ ಕಾಗದ ಹರಡಿಕೊಂಡು ಕೂತಾಗ ಅವಳು ನೀರು ತಂದುಕೊಟ್ಟು ಅಲ್ಲೇ ನಿಂತಳು.

"ಮೊದಲ ಸುತ್ತಿಗೆ ತೊಂದರೆ ಇಲ್ಲಣ್ಣ," ಎಂದರು ಮೇಡಂ. "ಭೂಕಂಪ ಆದ ತಕ್ಷಣ ಜನ ಒಳಗೆ ಹೋಗಬಹುದೋ ಬಾರದೋ ಅಂತ ನೋಡಿದ್ದು, ಅದು ಪ್ರಾಣ ಉಳಿಸೋ ಕೆಲಸ. ಅದಕ್ಕೆ ಕೊಡ್ತೀವಿ. ಟ್ಯಾಂಕು, ಸೇತುವೆ, ಉಗ್ರಾಣ, ಅಲ್ಲಿ ಹಾನಿ ಸಿಕ್ಕಿದೆ, ಅದಕ್ಕೂ ಕೊಡ್ತೀವಿ. ಉಳಿದ ಕಡೆ ಎರಡನೇ ಸುತ್ತು..." ಅವರು ಪೆನ್ನು ಕೆಳಗಿಟ್ಟರು. "ಅಲ್ಲಿ ಹಾನಿ ಇದೆಯಾ ಅಂತ ಹುಡುಕಿದ್ದೀರಿ, ಸಿಗಲಿಲ್ಲ. ಹುಡುಕಾಟಕ್ಕೆ ಕೊಡೋಕೆ ನನಗೆ ಅಧಿಕಾರ ಇಲ್ಲ. ಮಾಡಿದ್ದು ತಪ್ಪು ಅಂತ ನಾನು ಹೇಳ್ತಿಲ್ಲ."

"ಗೊತ್ತು ಮೇಡಂ," ಎಂದರು ಗಂಡ.

"ಬೇರೆ ಊರುಗಳಲ್ಲಿ ಎಲ್ಲಾ ಕಟ್ಟಡದಲ್ಲೂ ಬಿರುಕು ತೋರಿಸಿದ್ರು." ಮೇಡಂ ಅಷ್ಟೇ ಹೇಳಿ ನೀರು ಕುಡಿದರು. ಲೋಟ ವಾಪಸು ಕೊಡುವಾಗ ಅವಳ ಕೈಯನ್ನು ಒಂದು ಕ್ಷಣ ಹಿಡಿದುಕೊಂಡರು.

ಸಾಹೇಬರು ತಮ್ಮ ಕೈಲಾದದ್ದನ್ನು ಬರೆದರು. ಫೋನಿನಲ್ಲಿ ಹೂಂ ಅಂದದ್ದನ್ನೂ ಬರೆದರು, ಅದು ಅವರ ದೊಡ್ಡತನ. ಏನೂ ನಡೆಯಲಿಲ್ಲ. ನಿವೃತ್ತಿಯ ದಿನ ಹಾರ ಬಿತ್ತು, ಭಾಷಣವಾಯಿತು, ಆಮೇಲೆ ಕೈಗೆ ಬಂದ ಹಣ ಮನೆಯ ಪಾಯಕ್ಕೂ ಸಾಲುವಂತಿರಲಿಲ್ಲ.

ಅವಳು ಎಲ್ಲವನ್ನೂ ಸಂತೋಷದಿಂದ ಒಪ್ಪಿಕೊಂಡಳು ಎಂದರೆ ಸುಳ್ಳಾಗುತ್ತದೆ. ಬೇಡ ಎಂದವಳು ಅವಳೇ ಆದರೂ, ಬಿಟ್ಟುಕೊಟ್ಟದ್ದು ಏನೆಂಬುದು ಆಮೇಲೆ ನಿಧಾನವಾಗಿ ತಿಳಿಯಿತು. ಬಹಳ ಕಾಲ ಅವಳು ಮಾರುಕಟ್ಟೆಯ ಹಿಂದಿನ ಹಾದಿಯಲ್ಲಿ ಹೋಗಲಿಲ್ಲ. ಹೊಲಿಗೆ ಯಂತ್ರ ಶುರುವಾದೊಡನೆ ಪಾತ್ರೆಗಳನ್ನು ಬೇಕೆಂದೇ ಸದ್ದು ಮಾಡಿ ತೊಳೆಯುತ್ತಿದ್ದಳು. ಗಂಡ ಮೂಲೆಯಲ್ಲಿ ಕೂತು ಆ ಸದ್ದನ್ನು ಕೇಳಿಸಿಕೊಳ್ಳುತ್ತಿದ್ದರು. ನಾದಿನಿ ಬಂದು, "ಅತ್ತಿಗೇ, ಪಾತ್ರೆಗೆ ಬಿರುಕು ಬಿಟ್ಟೀತು. ಅದಕ್ಕೂ ಪರಿಹಾರ ಕೊಡಲ್ಲ," ಎಂದಾಗ ಅವಳು ಅತ್ತಳು. ನಾದಿನಿಯೂ ಪಕ್ಕದಲ್ಲಿ ಕೂತು ಅತ್ತಳು.

ಕೊನೆಗೆ ಸೈಟು ಮಾರುವುದೆಂದಾಯಿತು. ಮಗಳ ಮದುವೆ ಹತ್ತಿರ ಬರುತ್ತಿತ್ತು, ಬರಿ ನೆಲ ಇಟ್ಟುಕೊಂಡು ಪ್ರಯೋಜನವಿರಲಿಲ್ಲ. ಕೊಳ್ಳಲು ಬಂದವನು ಒಬ್ಬ ಬಸ್ ಡ್ರೈವರ್. ಅವನೂ ಹೊಟ್ಟೆ ಬಟ್ಟೆ ಕಟ್ಟಿ ಉಳಿಸಿದವನೇ. ಮುಖ ನೋಡಿದರೆ ತಿಳಿಯುತ್ತಿತ್ತು. ಸೈಟಿನ ಸುತ್ತ ನಡೆದ, ಮಣ್ಣು ಹಿಡಿದು ನೋಡಿದ, ದರ ಒಪ್ಪಿಗೆ ಎಂದ. ಆಮೇಲೆ ಏನೋ ಅನುಮಾನ ಬಂದು ಕೇಳಿದ:

"ಅಣ್ಣಾ, ಕೇಳ್ತೀನಿ ಅಂತ ಬೇಜಾರು ಮಾಡ್ಕೋಬೇಡಿ. ಕಟ್ಟಡದ ವಿಷಯ ಬಲ್ಲೋರು ನೀವು. ನೀವೇ ಕಟ್ಟದೆ ಮಾರ್ತಿದ್ದೀರಿ ಅಂದ್ರೆ ಜಾಗದಲ್ಲಿ ಏನಾದ್ರೂ ದೋಷ ಇದೆಯಾ?"

ಅವಳು ಗಂಡನ ಕಡೆ ನೋಡಿದಳು. ದೋಷವಿಲ್ಲ, ದುಡ್ಡಿಲ್ಲ ಎಂದರೆ ಮುಗಿಯುತ್ತಿತ್ತು.

"ಇದೆ," ಎಂದರು ಗಂಡ. "ಕೆಳಗಿನ ಆ ಮೂಲೆಯಲ್ಲಿ ಮೊದಲು ಹಳ್ಳ ಇತ್ತು, ಮುಚ್ಚಿದ್ದಾರೆ. ಮಣ್ಣು ಸಡಿಲ. ಬೇರೆ ಕಡೆಗಿಂತ ಅಲ್ಲಿ ಪಾಯ ಆಳಕ್ಕೆ ಹೋಗಬೇಕು, ಗಟ್ಟಿ ನೆಲ ಸಿಗೋವರೆಗೂ. ಖರ್ಚು ಜಾಸ್ತಿಯಾಗುತ್ತೆ."

ಡ್ರೈವರ್ ಮೂಲೆಯನ್ನು ನೋಡಿದ, ಇವರನ್ನು ನೋಡಿದ. ಅವನಿಗೆ ಈಗ ಮೊದಲಿಗಿಂತ ಹೆಚ್ಚು ಗಲಿಬಿಲಿಯಾದಂತಿತ್ತು. "ಅಷ್ಟೇನಾ? ಮೇಲಿನ ಕಡೆ?" ಎಂದು ಅವಳನ್ನು ಕೇಳಿದ, ಗಂಡಸರ ಮಾತನ್ನು ಹೆಂಗಸರಿಂದ ಖಾತ್ರಿ ಮಾಡಿಕೊಳ್ಳುವವನಂತೆ.

ಆ ಜಾಗದಲ್ಲಿ ಅವಳು ಮನಸ್ಸಿನಲ್ಲೇ ಎಷ್ಟು ವರ್ಷ ನೆಲ ಸಾರಿಸಿದ್ದಳೋ ಅವಳಿಗೇ ಗೊತ್ತು. ಕೆಳಗಿನ ಮೂಲೆಯ ಕಡೆ ಕೈ ತೋರಿಸಿ ಹೇಳಿದಳು:

"ಇವರು ಇದೆ ಅಂದ್ರೆ ಇದೆ ಕಣಪ್ಪ. ಇಲ್ಲ ಅಂದ್ರೆ ಇಲ್ಲ. ಆ ಮೂಲೆ ಒಂದನ್ನ ಸರಿಯಾಗಿ ನೋಡ್ಕೊಂಡು ನೀನು ನಿಶ್ಚಿಂತೆಯಿಂದ ಕಟ್ಟು. ನಿನ್ನ ಮಕ್ಕಳು ನೆಮ್ಮದಿಯಾಗಿ ಮಲಗ್ತಾರೆ."

ಅವನು ಮೂಲೆಯ ಖರ್ಚಿಗೆಂದು ದರದಲ್ಲಿ ಸ್ವಲ್ಪ ಇಳಿಸಿದ. ಅವನ ಜಾಗದಲ್ಲಿ ಯಾರಿದ್ದರೂ ಇಳಿಸುತ್ತಿದ್ದರು.

ಹಿಂದಿರುಗುವಾಗ ಇಳಿಜಾರಿನಲ್ಲಿ ಜಲ್ಲಿಕಲ್ಲು ಜಾರುತ್ತಿತ್ತು. ಗಂಡ ಮುಂದೆ, ಅವಳು ಹಿಂದೆ. ಅರ್ಧ ದಾರಿಯಲ್ಲಿ ಅವಳಿಗೆ ಇದ್ದಕ್ಕಿದ್ದಂತೆ ನಗು ಬಂತು. ತಡೆಯಲು ನೋಡಿದಳು, ಆಗಲಿಲ್ಲ.

"ಏನೇ?" ಎಂದು ಅವರು ನಿಂತರು, ಹೆದರಿದವರಂತೆ. ಅವಳು ನಕ್ಕು ಎಷ್ಟೋ ದಿನವಾಗಿತ್ತು.

"ಇಲ್ಲದ್ದನ್ನ ಇಲ್ಲ ಅಂದು ಒಂದ್ಸಲ ಕಳ್ಕೊಂಡ್ರಿ. ಇದ್ದಿದ್ದನ್ನ ಇದೆ ಅಂದು ಈಗ ಇನ್ನೊಂದ್ಸಲ. ಎಂಥಾ ಗಂಡನ್ನ ಕೊಟ್ಟ ರೀ ದೇವರು ನಂಗೆ!"

ಅವರು ಕಲ್ಲು ಜಾರದ ಕಡೆ ಕಾಲೂರಿ ನಿಂತು ಕೈ ಚಾಚಿದರು. ಅವಳು ಆ ಕೈ ಹಿಡಿದುಕೊಂಡು, ಇಳಿಜಾರು ಮುಗಿದ ಮೇಲೂ ಬಿಡದೆ, ಮಾರುಕಟ್ಟೆಯ ಜನರ ನಡುವೆ ಹಾಗೆಯೇ ನಡೆದಳು.